ಘ್ರೆಲಿನ್ ಹಾಕಿದರೂ ಬದಲಾಗದ ಕೊಬ್ಬಿನ ಕೋಶಗಳು: ದೋಷವನ್ನು ಹುಡುಕುವ ಬಗೆ

ಎಂಟನೆಯ ದಿನ ಬೆಳಿಗ್ಗೆ ಕೋಶಗಳನ್ನು ಬೆಳೆಸಿದ ಪ್ಲೇಟನ್ನು ಇನ್‌ಕ್ಯುಬೇಟರಿನಿಂದ ಹೊರತೆಗೆದು, ಕೊಬ್ಬನ್ನು ಕೆಂಪಾಗಿಸುವ ಆಯಿಲ್ ರೆಡ್ ಓ ಬಣ್ಣ ಹಾಕಿ ತೊಳೆದು ನೋಡಿದರೆ ಘ್ರೆಲಿನ್ ಸೇರಿಸಿದ ಮೂರು ವೆಲ್‌ಗಳೂ (ಪ್ಲೇಟಿನ ಗುಳಿಗಳೂ) ಸೇರಿಸದ ಮೂರು ವೆಲ್‌ಗಳೂ ಒಂದೇ ಸಮನೆ ಕೆಂಪಾಗಿರುತ್ತವೆ. ಘ್ರೆಲಿನ್ ಎಂಬ ಹಸಿವಿನ ಹಾರ್ಮೋನು ಕೊಬ್ಬಿನ ಕೋಶಗಳ ಬೆಳವಣಿಗೆಯನ್ನು ಹೇಗೆ ತಿದ್ದುತ್ತದೆ ಎಂದು ನೋಡಹೊರಟ ವಿದ್ಯಾರ್ಥಿಗಳು ತರುವ ದೂರುಗಳಲ್ಲಿ ಇದೇ ಮೊದಲನೆಯದು. ಅದರ ಬೆನ್ನಿಗೇ ಬರುವ ‘ಹಾಗಾದರೆ ಘ್ರೆಲಿನ್‌ಗೆ ಇಲ್ಲಿ ಕೆಲಸವೇ ಇಲ್ಲ’ ಎಂಬ ತೀರ್ಮಾನ ಬಹುಪಾಲು ಅವಸರದ್ದಾಗಿರುತ್ತದೆ. ಮಂಗಳೂರಿನ ಹೊರವಲಯದ ಒಂದು ಪ್ರಯೋಗಾಲಯದಲ್ಲಿ ಇದೇ ಪ್ರಯೋಗವನ್ನು ಮಾಡುತ್ತ, ಕೆಡಿಸಿಕೊಳ್ಳುತ್ತ, ಮತ್ತೆ ಮಾಡುತ್ತ ಕಂಡುಕೊಂಡ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ನನ್ನ ಅನುಭವದಲ್ಲಿ ತಪ್ಪು ಕೋಶದಲ್ಲಿರುವುದಕ್ಕಿಂತ ಹೆಚ್ಚಾಗಿ ಹಾರ್ಮೋನಿನ ಪುಟ್ಟ ಸೀಸೆಯಾದ ವಯಲ್‌ನಲ್ಲಿರುತ್ತದೆ, ಮತ್ತು ವಯಲ್‌ನಲ್ಲಿ ಇಲ್ಲದಿದ್ದರೆ ನಾವು ಕೋಶಕ್ಕೆ ಪ್ರಶ್ನೆ ಕೇಳಿದ ರೀತಿಯಲ್ಲಿರುತ್ತದೆ.

ಹುಡುಕುವ ಮೊದಲು ಹುಡುಕುವ ವಸ್ತುವಿನ ಪರಿಚಯ ಬೇಕು. ಘ್ರೆಲಿನ್ ಜಠರದ ಮೇಲ್ಭಾಗದ ಒಳಪದರದಲ್ಲಿರುವ ವಿಶೇಷ ಕೋಶಗಳಿಂದ ಸ್ರವಿಸುವ, 28 ಅಮೈನೋ ಆಮ್ಲಗಳ ಪುಟ್ಟ ಪೆಪ್ಟೈಡ್. ಜಪಾನಿನ ಮಸಯಾಸು ಕೊಜಿಮಾ, ಕೆಂಜಿ ಕಂಗಾವಾ ಮತ್ತು ಸಂಗಡಿಗರು 1999ರಲ್ಲಿ ಇಲಿಯ ಜಠರದಿಂದ ಅದನ್ನು ಬೇರ್ಪಡಿಸಿದರು. ಅದು ಹೋಗಿ ಕೂರುವ ಗ್ರಾಹಕವಾದ ಜಿಎಚ್‌ಎಸ್-ಆರ್1ಎ ಅದಕ್ಕೂ ಮೂರು ವರ್ಷ ಮೊದಲೇ, 1996ರಲ್ಲಿ, ಯಜಮಾನ ಯಾರೆಂದು ತಿಳಿಯದ ಬೀಗದಂತೆ ಪತ್ತೆಯಾಗಿತ್ತು. ಈ ಪೆಪ್ಟೈಡಿನ ಮೂರನೆಯ ಸ್ಥಾನದಲ್ಲಿರುವ ಸೆರಿನ್‌ಗೆ ಎಂಟು ಕಾರ್ಬನ್ನುಗಳ ಒಂದು ಕೊಬ್ಬಿನಾಮ್ಲ ಎಸ್ಟರ್ ಬಂಧದಿಂದ ಅಂಟಿಕೊಂಡಿರುತ್ತದೆ. ನಮ್ಮ ಅಡುಗೆಮನೆಯ ತೆಂಗಿನೆಣ್ಣೆಯಲ್ಲಿಯೂ ಇರುವ ಕ್ಯಾಪ್ರಿಲಿಕ್ ಆಮ್ಲವೇ ಇದು. ಈ ಬಾಲವಿದ್ದರೆ ಮಾತ್ರ ಘ್ರೆಲಿನ್ ತನ್ನ ಗ್ರಾಹಕವನ್ನು ಸರಿಯಾಗಿ ಎಬ್ಬಿಸುತ್ತದೆ. ಬಾಲ ಕಳಚಿದರೆ ಉಳಿಯುವುದು ಡೆಸ್-ಅಸೈಲ್ ಘ್ರೆಲಿನ್, ರಕ್ತದಲ್ಲಿ ಓಡಾಡುವ ಘ್ರೆಲಿನ್‌ನ ಹೆಚ್ಚಿನ ಪಾಲು ಇದೇ. ಬಾಲವನ್ನು ಅಂಟಿಸುವ ಕಿಣ್ವ 2008ರಲ್ಲಿ ಪತ್ತೆಯಾಯಿತು. ಈ ಲೇಖನದ ಮುಕ್ಕಾಲು ಭಾಗದ ತೊಂದರೆಗಳು ಈ ಒಂದು ಎಸ್ಟರ್ ಬಂಧದ ಸುತ್ತಲೇ ಇವೆ.

ಪ್ಲೇಟಿನ ಪ್ರಶ್ನೆ ಹುಟ್ಟಿದ್ದು ಹೇಗೆಂಬುದನ್ನೂ ನೆನಪಿಡಬೇಕು. 2000ದಲ್ಲಿ, ದಿನವೂ ಘ್ರೆಲಿನ್ ಚುಚ್ಚಿಸಿಕೊಂಡ ಇಲಿಗಳಲ್ಲಿ ಕೊಬ್ಬು ಹೆಚ್ಚಿತೆಂದೂ ಅವುಗಳ ದೇಹ ಕೊಬ್ಬನ್ನು ಉರಿಸುವುದು ಕಡಿಮೆಯಾಯಿತೆಂದೂ ವರದಿಯಾಯಿತು. ಹೆಚ್ಚು ತಿಂದದ್ದರಿಂದ ಕೊಬ್ಬು ಬಂತೆ, ಅಥವಾ ಹಾರ್ಮೋನು ಮೆದುಳಿನ ಹಾದಿ ಹಿಡಿಯದೆ ನೇರವಾಗಿ ಕೊಬ್ಬಿನ ಅಂಗಾಂಶಕ್ಕೇ ಹೇಳಿತೆ ಎಂಬುದು ಉಳಿದ ಪ್ರಶ್ನೆ. 2004ರಲ್ಲಿ ಇಲಿಯ ಮೊಣಕಾಲ ಕೆಳಗಿನ ಮೂಳೆಯ ಮಜ್ಜೆಗೆ ನೇರವಾಗಿ ಹಾರ್ಮೋನನ್ನು ಹರಿಸಿ ನೋಡಿದಾಗ ಅಲ್ಲಿ ಕೊಬ್ಬಿನ ಕೋಶಗಳು ಹೆಚ್ಚಿದವು, ಅದೂ ಬಾಲವಿಲ್ಲದ ಘ್ರೆಲಿನ್‌ನಿಂದಲೂ ಹೆಚ್ಚಿದವು. ಈ ಕೊನೆಯ ಮಾತಿಗೆ ಮುಂದೆ ಮರಳಬೇಕಾಗುತ್ತದೆ.

ಎಲ್ಲಿಯೂ ಕೆಂಪೇ ಇಲ್ಲದಿದ್ದರೆ

ಘ್ರೆಲಿನ್ ಇಲ್ಲದ ವೆಲ್‌ಗಳಲ್ಲಿಯೂ ಕೊಬ್ಬಿನ ಹನಿಗಳು ಕಾಣದಿದ್ದರೆ ಹಾರ್ಮೋನನ್ನು ಬದಿಗಿಟ್ಟು ಕೋಶಗಳನ್ನೇ ವಿಚಾರಿಸಬೇಕು. ಇದು ಸುಲಭದ ದೋಷ. 3ಟಿ3-ಎಲ್1 ಎಂಬ ಇಲಿಮರಿಯ ಭ್ರೂಣಮೂಲದ, ಕೊಬ್ಬಿನ ಕೋಶಗಳಾಗಿ ರೂಪಾಂತರ ಹೊಂದಬಲ್ಲ ಈ ಪೂರ್ವಕೋಶಗಳನ್ನು ಹೊವರ್ಡ್ ಗ್ರೀನ್ ಮತ್ತು ಅವರ ಸಹೋದ್ಯೋಗಿಗಳು 1970ರ ದಶಕದ ಮಧ್ಯದಲ್ಲಿ ಬೇರ್ಪಡಿಸಿಕೊಟ್ಟ ನಂತರ, ಕೊಬ್ಬಿನ ಕೋಶ ಹೇಗೆ ಹುಟ್ಟುತ್ತದೆಂಬುದರ ಬಗ್ಗೆ ನಮಗೆ ತಿಳಿದಿರುವುದರಲ್ಲಿ ದೊಡ್ಡ ಪಾಲು ಇವುಗಳಿಂದಲೇ ಬಂದಿದೆ. ಆದರೆ ಇವು ಮುನಿಸಿಕೊಳ್ಳುವ ಕೋಶಗಳು. ಬೆಳೆಸುವ ಹಂತದಲ್ಲಿ ಒಮ್ಮೆ ಪ್ಲೇಟ್ ಪೂರ್ತಿ ತುಂಬಿ ಒತ್ತೊತ್ತಾಗಲು ಬಿಟ್ಟರೆ, ರೂಪಾಂತರ ಹೊಂದಬಲ್ಲ ಕೋಶಗಳು ವಿಭಜನೆ ನಿಲ್ಲಿಸಿ ಹಿಂದುಳಿಯುತ್ತವೆ, ಹೊಂದಲಾರದವು ಮುಂದಿನ ಪ್ಯಾಸೇಜಿನಲ್ಲಿ, ಅಂದರೆ ಹೊಸ ಪ್ಲೇಟಿಗೆ ಸಾಗಿಸಿದ ಸುತ್ತಿನಲ್ಲಿ, ಜಾಗ ಹಿಡಿಯುತ್ತವೆ. ಹತ್ತು ಹನ್ನೆರಡು ಪ್ಯಾಸೇಜ್ ದಾಟಿದ ಕೋಶಗಳನ್ನು ನಾನು ಈ ಪ್ರಯೋಗಕ್ಕೆ ಬಳಸುವುದಿಲ್ಲ. ಯಾವ ಪ್ಯಾಸೇಜ್ ಎಂದು ಕೇಳಿದಾಗ ‘ಹಳೆಯ ಸೀನಿಯರ್ ಕೊಟ್ಟದ್ದು’ ಎಂಬ ಉತ್ತರ ಬಂದರೆ ಅಲ್ಲಿಗೇ ತನಿಖೆ ನಿಲ್ಲಿಸಿ, ದ್ರವ ಸಾರಜನಕದಿಂದ ಹೊಸ ವಯಲ್ ತೆಗೆಯಲು ಹೇಳುತ್ತೇನೆ.

ಬೆಳೆಸುವಾಗ ಕರುವಿನ ಸೀರಮ್, ರೂಪಾಂತರಕ್ಕೆ ಭ್ರೂಣಾವಸ್ಥೆಯ ಕರುವಿನ ಸೀರಮ್, ಎರಡೂ ಶೇ. 10ರಂತೆ. ಪ್ಲೇಟ್ ತುಂಬಿದ ಮೇಲೆ ಎರಡು ದಿನ ಕಾಯಬೇಕು. ನಂತರ ಐಬಿಎಂಎಕ್ಸ್ 0.5 ಮಿಲಿಮೋಲಾರ್, ಡೆಕ್ಸಾಮೆಥಸೋನ್ 1 ಮೈಕ್ರೋಮೋಲಾರ್, ಇನ್ಸುಲಿನ್ ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಸೇರಿದ ಮಿಶ್ರಣವನ್ನು ಎರಡರಿಂದ ಮೂರು ದಿನ, ಬಳಿಕ ಇನ್ಸುಲಿನ್ ಮಾತ್ರ ಎರಡು ದಿನ, ಆಮೇಲೆ ಸಾದಾ ಮೀಡಿಯಂ (ಕೋಶಗಳ ಪೋಷಕ ದ್ರವ). ಐದರಿಂದ ಏಳನೆಯ ದಿನದೊಳಗೆ ಸೂಕ್ಷ್ಮದರ್ಶಕದಲ್ಲಿ ಹೊಳೆಯುವ ಹನಿಗಳು ಕಾಣಿಸಿಕೊಳ್ಳಬೇಕು. ಕಾಣದಿದ್ದರೆ ಐಬಿಎಂಎಕ್ಸ್‌ನ ದಾಸ್ತಾನು ದ್ರಾವಣ ಫ್ರೀಜರಿನಲ್ಲಿ ಹರಳುಗಟ್ಟಿ, ಬೆಚ್ಚಗೆ ಮಾಡದೆ ಮೇಲಿನ ತಿಳಿಯನ್ನು ಮಾತ್ರ ತೆಗೆದಿರುವ ಸಾಧ್ಯತೆಯನ್ನು ಮೊದಲು ನೋಡಬೇಕು, ಮೈಕೋಪ್ಲಾಸ್ಮಾ ಸೋಂಕನ್ನು ಎರಡನೆಯದಾಗಿ. ಮೈಕೋಪ್ಲಾಸ್ಮಾ ಮೀಡಿಯಂ ಕದಡಿಸುವುದಿಲ್ಲ, ಕಣ್ಣಿಗೆ ಕಾಣುವುದೂ ಇಲ್ಲ. ಪಿಸಿಆರ್ ಮಾಡಿಯೇ ತಿಳಿಯಬೇಕು. ಇದರ ಜೊತೆಗೆ ಏಪ್ರಿಲ್–ಮೇ ತಿಂಗಳ ಸಂಜೆಗಳ ಸಿಡಿಲುಮಳೆಗೆ ಕರೆಂಟು ಹೋಗಿ, ಜನರೇಟರ್ ಹಿಡಿಯುವಷ್ಟರಲ್ಲಿ ಇನ್‌ಕ್ಯುಬೇಟರಿನ ಇಂಗಾಲದ ಡೈಆಕ್ಸೈಡ್ ಮಟ್ಟ ಇಳಿದಿರುವುದು ನಮ್ಮ ಕಡೆಯ ಖಾಸಾ ಕಾರಣ. ಬೆಳಿಗ್ಗೆ ಬಂದಾಗ ಪರದೆಯ ಮೇಲಿನ ಅಂಕಿ ಸರಿಯಾಗಿಯೇ ಇರುತ್ತದೆ, ರಾತ್ರಿ ಏನಾಯಿತೆಂದು ಅದು ಹೇಳುವುದಿಲ್ಲ.

ಪೂರ್ಣ ಮಿಶ್ರಣಕ್ಕೆ ರೂಪಾಂತರವನ್ನು ಬಲವಾಗಿ ತಳ್ಳುವ ರೋಸಿಗ್ಲಿಟಜೋನ್ ಕೂಡ ಸೇರಿಸಿದ ಒಂದು ವೆಲ್ ಮತ್ತು ಯಾವ ಮಿಶ್ರಣವೂ ಇಲ್ಲದ ಒಂದು ವೆಲ್ ಪ್ರತಿ ಪ್ಲೇಟಿನಲ್ಲಿಯೂ ಇರಲಿ. ಮೊದಲನೆಯದು ಕೆಂಪಾಗಿ ಎರಡನೆಯದು ಬಿಳಿಯಾಗಿ ಉಳಿದರೆ ಕೋಶಗಳು ನಿರ್ದೋಷಿಗಳು.

ಎಲ್ಲ ಕಡೆಯೂ ಒಂದೇ ಕೆಂಪಾಗಿದ್ದರೆ: ಮೊದಲು ವಯಲ್

ಇಲ್ಲಿಂದ ಮುಂದೆ ನಿಜವಾದ ಕೆಲಸ. ಕೋಶಗಳು ಸರಿಯಿವೆ, ಕೊಬ್ಬು ತುಂಬಿಸಿಕೊಳ್ಳುತ್ತಿವೆ, ಆದರೆ ಘ್ರೆಲಿನ್ ಹಾಕಿದ್ದಕ್ಕೂ ಹಾಕದ್ದಕ್ಕೂ ಭೇದವಿಲ್ಲ. ವಯಲ್‌ನಲ್ಲಿರುವುದು ಇನ್ನೂ ಘ್ರೆಲಿನ್ ಆಗಿಯೇ ಉಳಿದಿದೆಯೇ ಎಂಬುದು ಮೊದಲ ಪ್ರಶ್ನೆ.

ನಮ್ಮಲ್ಲಿ ಒಂದು ಜುಲೈಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಬೆಂಗಳೂರಿನಿಂದ ಬರಬೇಕಿದ್ದ ಪೆಪ್ಟೈಡಿನ ಪೆಟ್ಟಿಗೆ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿದ್ದರಿಂದ ಎರಡು ದಿನ ತಡವಾಗಿ, ಒಳಗಿನ ಐಸ್ ಪ್ಯಾಕುಗಳು ಬಿಸಿನೀರಿನ ಚೀಲಗಳಂತಾಗಿ ತಲುಪಿತು. ನಾವೆಲ್ಲರೂ ಪ್ರಯಾಣವನ್ನೇ ದೂರಿದೆವು. ಆದರೆ ಒಣಪುಡಿಯ ರೂಪದಲ್ಲಿರುವ ಪೆಪ್ಟೈಡ್, ಮುಚ್ಚಳ ಭದ್ರವಾಗಿದ್ದರೆ, ಕೆಲವು ದಿನಗಳ ಸೆಕೆಯನ್ನು ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. ಕೆಡಿಸಿದ್ದು ನಾವು. ಬಂದ ವಯಲ್ ಅನ್ನು ಮೈನಸ್ 20 ಡಿಗ್ರಿಯ ಫ್ರೀಜರಿಗೆ ಹಾಕಿ, ಮರುದಿನ ತೆಗೆದವರು ಅದು ಕೋಣೆಯ ಉಷ್ಣತೆಗೆ ಬರುವ ಮೊದಲೇ ಮುಚ್ಚಳ ತೆರೆದರು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ, ಆ ಮಳೆಯ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುವಾಗ, ಗಾಳಿಯೇ ಒದ್ದೆಬಟ್ಟೆಯಂತಿರುತ್ತದೆ. ತಣ್ಣನೆಯ ಗಾಜಿನೊಳಗೆ ಆ ಗಾಳಿ ನುಗ್ಗಿ ಪುಡಿಯ ಮೇಲೆ ಇಬ್ಬನಿ ಕಟ್ಟಿತು. ಉಳಿದ ಪುಡಿಯನ್ನು ಹಾಗೆಯೇ ಮುಚ್ಚಿ ಒಳಗಿಟ್ಟದ್ದರಿಂದ ತಿಂಗಳುಗಟ್ಟಲೆ ನೀರಿನ ಸಹವಾಸದಲ್ಲಿ ಎಸ್ಟರ್ ಬಂಧ ನಿಧಾನವಾಗಿ ಕಳಚುತ್ತ ಹೋಯಿತು. ನಾವು ಘ್ರೆಲಿನ್ ಎಂಬ ಚೀಟಿ ಹಚ್ಚಿದ ಬೇರೊಂದು ಪೆಪ್ಟೈಡನ್ನು ಮೂರು ಸುತ್ತು ಕೋಶಗಳಿಗೆ ಉಣಿಸಿದ್ದೆವು.

ಪರೀಕ್ಷೆ ಸರಳ, ಉಪಕರಣ ಮಾತ್ರ ಹತ್ತಿರದಲ್ಲಿರಬೇಕು. ಮಾನವ ಘ್ರೆಲಿನ್‌ನ ಅಣುತೂಕ ಸುಮಾರು 3,371 ಡಾಲ್ಟನ್. ಬಾಲ ಕಳಚಿದರೆ 126 ಕಡಿಮೆಯಾಗಿ ಸುಮಾರು 3,245 ಆಗುತ್ತದೆ. ದ್ರವ್ಯರಾಶಿ ರೋಹಿತಮಾಪಕದಲ್ಲಿ ಈ ಎರಡು ಶಿಖರಗಳು ಒಂದಕ್ಕೊಂದು ದೂರವಾಗಿಯೇ ನಿಲ್ಲುತ್ತವೆ. ಎರಡನೆಯ ಶಿಖರ ಮೊದಲನೆಯದಕ್ಕಿಂತ ಎತ್ತರವಿದ್ದರೆ ವಯಲ್ ಅನ್ನು ಎಸೆಯದೆ, ಅದರ ಮೇಲೆ ಹೊಸ ಹೆಸರು ಬರೆದಿಡಬೇಕು. ಅದಕ್ಕೂ ಮುಂದೆ ಉಪಯೋಗವಿದೆ.

ತಡೆಯುವ ಬಗೆಯೂ ಹೇಳಬೇಕಾದ್ದೇ. ಫ್ರೀಜರಿನಿಂದ ತೆಗೆದ ವಯಲ್ ಅನ್ನು ಸಿಲಿಕಾ ಜೆಲ್ ಇರುವ ಡೆಸಿಕೇಟರಿನೊಳಗೆ ಅರ್ಧ ಗಂಟೆಯಾದರೂ ಇಟ್ಟು, ಗಾಜು ಕೈಗೆ ತಣ್ಣಗೆನಿಸದಂತಾದ ಮೇಲೆಯೇ ತೆರೆಯಬೇಕು. ಒಮ್ಮೆ ತೆರೆದರೆ ಪೂರ್ತಿ ಕರಗಿಸಿ, ಸಣ್ಣ ಸಣ್ಣ ಅಲಿಕ್ವಾಟ್‌ಗಳಾಗಿ ಹಂಚಿ, ಮೈನಸ್ 80 ಡಿಗ್ರಿಗೆ ಹಾಕಿಬಿಡಬೇಕು. ಕರಗಿಸಿ ಮತ್ತೆ ಹೆಪ್ಪುಗಟ್ಟಿಸುವುದು ಸಲ್ಲದು. ಕರಗಿಸಲು ಬಳಸುವ ನೀರು ತುಸು ಆಮ್ಲೀಯವಾಗಿರಲಿ, ಏಕೆಂದರೆ ಕ್ಷಾರದತ್ತ ವಾಲಿದಷ್ಟೂ ಎಸ್ಟರ್ ಬೇಗ ಒಡೆಯುತ್ತದೆ. ಬೈಕಾರ್ಬನೇಟ್ ಇರುವ ಮೀಡಿಯಂನಲ್ಲಿ ಘ್ರೆಲಿನ್ ಬೆರೆಸಿ ಹುಡ್‌ನಲ್ಲಿಟ್ಟು, ಕ್ಯಾಂಟೀನಿಗೆ ಹೋಗಿ ನೀರ್‌ದೋಸೆ ತಿಂದು ಬರುವಷ್ಟರಲ್ಲಿ ಮೀಡಿಯಂ ಕ್ಷಾರವಾಗಿ ನೇರಳೆಗೆ ತಿರುಗಿದ್ದರೆ, ಅದು ಬಾಲಕ್ಕೆ ಬಂದ ಅಪಾಯದ ಬಣ್ಣವೆಂದು ತಿಳಿಯಬೇಕು. ಪಾಲಿಸ್ಟೈರೀನ್ ಕೊಳವೆಯ ಗೋಡೆಗೆ ಪೆಪ್ಟೈಡ್ ಅಂಟಿಕೊಳ್ಳುವುದು ಇನ್ನೊಂದು ಸೋರಿಕೆ. ನ್ಯಾನೋಮೋಲಾರ್ ಮಟ್ಟದ ದ್ರಾವಣದಲ್ಲಿ ಗೋಡೆಗೆ ಅಂಟಿದ್ದೇ ಹೆಚ್ಚಾಗಬಹುದು. ಅಂಟದ ಪಾಲಿಪ್ರೊಪಿಲೀನ್ ಕೊಳವೆ ಮತ್ತು ಶೇ. 0.1ರಷ್ಟು ಆಲ್ಬುಮಿನ್ ಈ ನಷ್ಟವನ್ನು ತಗ್ಗಿಸುತ್ತವೆ, ಆದರೆ ಆ ಆಲ್ಬುಮಿನ್ ಕೊಬ್ಬಿನಾಮ್ಲ ತೆಗೆದದ್ದಾಗಿರಬೇಕು. ಕೊಬ್ಬಿನ ಕೋಶಗಳ ಪ್ರಯೋಗಕ್ಕೆ ಕೊಬ್ಬನ್ನು ಹೊತ್ತ ಆಲ್ಬುಮಿನ್ ಹಾಕಿದರೆ ಫಲಿತಾಂಶ ಓದುವುದು ಹೇಗೆ?

ಲೆಕ್ಕದ ದೋಷವೂ ಸಾಮಾನ್ಯ. 100 ಮೈಕ್ರೋಗ್ರಾಂ ಮಾನವ ಘ್ರೆಲಿನ್ ಅನ್ನು 297 ಮೈಕ್ರೋಲೀಟರಿನಲ್ಲಿ ಕರಗಿಸಿದರೆ 100 ಮೈಕ್ರೋಮೋಲಾರ್ ಆಗುತ್ತದೆಂಬುದು ಕಾಗದದ ಮೇಲಿನ ಲೆಕ್ಕ. ಆದರೆ ವಯಲ್‌ನ ತೂಕದಲ್ಲಿ ಪೆಪ್ಟೈಡಿನ ಜೊತೆ ಲವಣ ಮತ್ತು ನೀರೂ ಸೇರಿರುತ್ತವೆ. ಜೊತೆಗೆ ಬಂದ ಹಾಳೆಯಲ್ಲಿ ನಿವ್ವಳ ಪೆಪ್ಟೈಡ್ ಶೇ. 80 ಎಂದಿದ್ದರೆ ಕೈಯಲ್ಲಿರುವುದು 80 ಮೈಕ್ರೋಮೋಲಾರ್ ದ್ರಾವಣ. ಆ ಹಾಳೆಯನ್ನು ಪೆಟ್ಟಿಗೆಯ ಜೊತೆಗೇ ಬಿಸಾಡುವವರು ನಮ್ಮಲ್ಲಿ ಹಲವರು.

ವೆಲ್‌ನೊಳಗೆ ಏನಾಗುತ್ತದೆ

ವಯಲ್‌ನಲ್ಲಿ ಬಾಲ ಗಟ್ಟಿಯಾಗಿದ್ದರೂ ವೆಲ್‌ನಲ್ಲಿ ಅದು ಉಳಿಯುತ್ತದೆಂಬ ಭರವಸೆಯಿಲ್ಲ. ಸೀರಮ್ ಎಂದರೆ ಬರೀ ಪೋಷಕಾಂಶವಲ್ಲ, ಕಿಣ್ವಗಳ ಸಂತೆ. ಮಾನವ ರಕ್ತದಲ್ಲಿ ಬ್ಯುಟಿರೈಲ್‌ಕೋಲಿನೆಸ್ಟರೇಸ್, ಇಲಿಗಳಲ್ಲಿ ಕಾರ್ಬಾಕ್ಸಿಲೆಸ್ಟರೇಸ್ ಈ ಎಸ್ಟರನ್ನು ಕತ್ತರಿಸುತ್ತವೆ. ಕರುವಿನ ಸೀರಮ್‌ನಲ್ಲಿಯೂ ಎಸ್ಟರೇಸ್ ಚಟುವಟಿಕೆ ಇರುತ್ತದೆ. 37 ಡಿಗ್ರಿಯಲ್ಲಿ, ಶೇ. 10 ಸೀರಮ್ ಇರುವ ಮೀಡಿಯಂಗೆ ಸೋಮವಾರ ಬೆಳಿಗ್ಗೆ ಘ್ರೆಲಿನ್ ಹಾಕಿ ಬುಧವಾರ ಮೀಡಿಯಂ ಬದಲಿಸುವ ರೂಢಿಯಲ್ಲಿ, ಕೋಶಗಳು ಎರಡು ದಿನ ಘ್ರೆಲಿನ್‌ನಲ್ಲಿದ್ದವು ಎಂದು ಬರೆದುಕೊಳ್ಳುವುದು ಸುಳ್ಳಿನ ಸಮೀಪಕ್ಕೆ ಬರುತ್ತದೆ.

ನಿಜವನ್ನು ತಿಳಿಯಲು ಕೋಶಗಳಿಲ್ಲದ ಒಂದು ಪ್ಲೇಟಿನಲ್ಲಿ ಅದೇ ಮೀಡಿಯಂ, ಅದೇ ಸೀರಮ್, ಅದೇ ಘ್ರೆಲಿನ್ ಹಾಕಿ, ಆರಂಭದಲ್ಲಿ, ಎರಡು, ಆರು ಮತ್ತು ಇಪ್ಪತ್ತನಾಲ್ಕು ಗಂಟೆಗಳಲ್ಲಿ ಮಾದರಿ ತೆಗೆಯಬೇಕು. ತೆಗೆದ ಕ್ಷಣವೇ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿ ಆಮ್ಲೀಯಗೊಳಿಸಿ, ಎಸ್ಟರೇಸನ್ನೂ ಪ್ರೋಟಿಯೇಸನ್ನೂ ತಡೆಯುವ ಪಿಎಂಎಸ್‌ಎಫ್‌ನಂಥ ಪ್ರತಿಬಂಧಕ ಹಾಕಿ ತಣ್ಣಗಿಡಬೇಕು. ಇದು ಮಾದರಿಗೆ ಮಾತ್ರ. ಕೋಶಗಳಿರುವ ವೆಲ್‌ಗೆ ಪಿಎಂಎಸ್‌ಎಫ್ ಹಾಕಿದರೆ ನೋಡಲು ಕೋಶಗಳೇ ಉಳಿಯುವುದಿಲ್ಲ. ಅಳೆಯಲು ಬಾಲವಿರುವ ಘ್ರೆಲಿನ್ ಅನ್ನಷ್ಟೇ ಗುರುತಿಸುವ ಎಲೈಸಾ ಕಿಟ್ ಬೇಕು. ಒಟ್ಟು ಘ್ರೆಲಿನ್ ಅಳೆಯುವ ಕಿಟ್ ಬಾಲವಿದ್ದದ್ದನ್ನೂ ಇಲ್ಲದ್ದನ್ನೂ ಒಂದೇ ಕಣ್ಣಿನಿಂದ ನೋಡಿ ‘ಎಲ್ಲ ಸರಿಯಿದೆ’ ಎಂದುಬಿಡುತ್ತದೆ. ಕಡಿಮೆ ಬೆಲೆಯದೆಂದು ಒಟ್ಟು ಕಿಟ್ ತರಿಸಿ, ಅಂಕಿ ಇಳಿಯಲಿಲ್ಲವೆಂದು ನೆಮ್ಮದಿಯಿಂದ ಇದ್ದವರನ್ನು ಕಂಡಿದ್ದೇನೆ.

ಪರಿಹಾರಗಳಲ್ಲಿ ಸುಲಭವಾದದ್ದು ದಿನಕ್ಕೆರಡು ಬಾರಿ ತಾಜಾ ಘ್ರೆಲಿನ್ ಸೇರಿಸುವುದು. ಸೀರಮ್‌ನ ಪ್ರಮಾಣ ಇಳಿಸುವುದು ಇನ್ನೊಂದು, ಆದರೆ ಇಳಿಸಿದರೆ ರೂಪಾಂತರವೇ ಸೊರಗುವ ಭಯವಿದೆ. ನನಗೆ ಹೆಚ್ಚು ಒಪ್ಪಿತವಾದದ್ದು ಮೂರನೆಯದು: ಎಸ್ಟರ್ ಬಂಧದ ಬದಲು ಗಟ್ಟಿಯಾದ ಅಮೈಡ್ ಬಂಧದಿಂದ ಬಾಲ ಜೋಡಿಸಿದ ಘ್ರೆಲಿನ್ ರೂಪವನ್ನೋ, ಅದೇ ಗ್ರಾಹಕವನ್ನು ಎಬ್ಬಿಸುವ ಪೆಪ್ಟೈಡ್ ಅಲ್ಲದ ಎಂಕೆ-677 ಎಂಬ ಸಂಯುಕ್ತವನ್ನೋ ಪಕ್ಕದ ವೆಲ್‌ನಲ್ಲಿಟ್ಟು ಹೋಲಿಸುವುದು. ಇವು ಕೆಲಸ ಮಾಡಿ ಸಾದಾ ಘ್ರೆಲಿನ್ ಮಾಡದಿದ್ದರೆ, ದೋಷ ಬಾಲದ್ದೇ ಎಂದು ಬೆರಳಿಟ್ಟು ತೋರಿಸಬಹುದು.

ಚೆಂಡೆಯ ನಡುವೆ ಶ್ರುತಿ

ವಯಲ್ ಸರಿಯಿದೆ, ವೆಲ್‌ನಲ್ಲಿಯೂ ಬಾಲ ಉಳಿದಿದೆ, ಆದರೂ ಎಲ್ಲ ವೆಲ್‌ಗಳೂ ಒಂದೇ ಕೆಂಪು. ಈಗ ನಾವು ಕೇಳಿದ ಪ್ರಶ್ನೆಯ ಬಗ್ಗೆಯೇ ಸಂಶಯಪಡಬೇಕು. ಯಕ್ಷಗಾನದಲ್ಲಿ ಚೆಂಡೆ ಬಿಸಿಯೇರಿದ ಹೊತ್ತಿನಲ್ಲಿ ಶ್ರುತಿಪೆಟ್ಟಿಗೆ ಒಂದೆಳೆ ಏರಿತೇ ಇಳಿಯಿತೇ ಎಂದು ಸಭೆಯ ಕೊನೆಯ ಸಾಲಿನಲ್ಲಿ ಕುಳಿತವರು ಹೇಳಲಾರರು. ಪೂರ್ಣ ಬಲದ ಮಿಶ್ರಣ ಇಂಥ ಚೆಂಡೆ. ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಇನ್ಸುಲಿನ್ ಎಂದರೆ ಸುಮಾರು 1.7 ಮೈಕ್ರೋಮೋಲಾರ್, ಆರೋಗ್ಯವಂತರ ರಕ್ತದಲ್ಲಿ ಊಟದ ನಂತರವೂ ಅದು ಸಾಮಾನ್ಯವಾಗಿ ಒಂದು ನ್ಯಾನೋಮೋಲಾರಿಗಿಂತ ಕೆಳಗೇ ಇರುತ್ತದೆ. ಸಾವಿರ ಪಟ್ಟು ಮೀರಿದ ಈ ಇನ್ಸುಲಿನ್ ತನ್ನ ಗ್ರಾಹಕವನ್ನಷ್ಟೇ ಅಲ್ಲದೆ ಐಜಿಎಫ್-1 ಎಂಬ ಬೆಳವಣಿಗೆಯ ಅಂಶದ ಗ್ರಾಹಕವನ್ನೂ ಬಡಿದೆಬ್ಬಿಸುತ್ತದೆ. ಐಬಿಎಂಎಕ್ಸ್ ಕೋಶದೊಳಗೆ ಸಂದೇಶ ಸಾಗಿಸುವ ಸೈಕ್ಲಿಕ್ ಎಎಂಪಿಯನ್ನು ಏರಿಸುತ್ತದೆ, ಡೆಕ್ಸಾಮೆಥಸೋನ್ ಒತ್ತಡದ ಹಾರ್ಮೋನಿನ ಹಾದಿಯನ್ನು ತೆರೆಯುತ್ತದೆ. ಮೂರೂ ಸೇರಿ ಸಿ/ಇಬಿಪಿ-ಬೀಟಾ ಮತ್ತು ಡೆಲ್ಟಾ ಎಂಬ, ಬೇರೆ ಜೀನ್‌ಗಳನ್ನು ನಿಯಂತ್ರಿಸುವ ಪ್ರೋಟೀನುಗಳನ್ನು ಮೊದಲ ದಿನವೇ ಎಬ್ಬಿಸಿ, ಕೋಶಗಳನ್ನು ಒಂದೆರಡು ಬಾರಿ ವಿಭಜಿಸಿ, ಆಮೇಲೆ ಕೊಬ್ಬಿನ ಕೋಶದ ಯಜಮಾನ ಜೀನ್ ಎನ್ನಬಹುದಾದ ಪಿಪಿಎಆರ್-ಗ್ಯಾಮಾವನ್ನು ಮತ್ತು ಸಿ/ಇಬಿಪಿ-ಆಲ್ಫಾವನ್ನು ಮೇಲೆತ್ತುತ್ತವೆ. ಹತ್ತರಲ್ಲಿ ಒಂಬತ್ತು ಕೋಶಗಳು ಆಗಲೇ ರೂಪಾಂತರಗೊಂಡಿರುವ ವೆಲ್‌ನಲ್ಲಿ ಘ್ರೆಲಿನ್‌ಗೆ ಸೇರಿಸಲು ಉಳಿದಿರುವುದೇನು?

ಆದ್ದರಿಂದ ಮಿಶ್ರಣವನ್ನು ತಗ್ಗಿಸಬೇಕು. ನಾನು ಮೊದಲು ಘ್ರೆಲಿನ್ ಇಲ್ಲದೆಯೇ ಮಿಶ್ರಣದ ಬಲವನ್ನು ಅರ್ಧ, ಕಾಲು, ಎಂಟನೆಯ ಒಂದು ಭಾಗ ಎಂದು ಇಳಿಸುತ್ತ ಹೋಗಿ, ಸುಮಾರು ಮೂರನೆಯ ಒಂದು ಪಾಲು ಕೋಶಗಳು ಮಾತ್ರ ಹನಿ ತುಂಬಿಸಿಕೊಳ್ಳುವ ಬಿಂದುವನ್ನು ಹುಡುಕುತ್ತೇನೆ. ಅಲ್ಲಿ ಹೆಚ್ಚಲೂ ಜಾಗವಿದೆ, ತಗ್ಗಲೂ ಜಾಗವಿದೆ. ಆ ಬಿಂದು ಸೀರಮ್‌ನ ಪ್ರತಿ ಹೊಸ ಲಾಟಿಗೆ ಬದಲಾಗುತ್ತದೆ, ಆದ್ದರಿಂದ ಒಂದು ಪ್ರಯೋಗಮಾಲೆಗೆ ಬೇಕಾದಷ್ಟು ಸೀರಮ್ ಅನ್ನು ಒಂದೇ ಲಾಟಿನಿಂದ ತರಿಸಿಡುವುದು ಜಾಣತನ. ಘ್ರೆಲಿನ್ ಅನ್ನು ಒಂದೇ ಪ್ರಮಾಣದಲ್ಲಿ ಅಲ್ಲ, 0.1ರಿಂದ 100 ನ್ಯಾನೋಮೋಲಾರ್‌ವರೆಗೆ ಹತ್ತು ಪಟ್ಟಿನ ಮೆಟ್ಟಿಲುಗಳಲ್ಲಿ ಕೊಡಬೇಕು. ಉಪವಾಸದ ರಕ್ತದಲ್ಲಿ ಒಟ್ಟು ಘ್ರೆಲಿನ್ ನೂರರ ಆಸುಪಾಸಿನ ಪಿಕೋಮೋಲಾರ್ ಇರುವುದರಿಂದ, ಕೆಳಗಿನ ಮೆಟ್ಟಿಲೇ ದೇಹಕ್ಕೆ ಹತ್ತಿರವಾದದ್ದು. ಮೇಲಿನ ಮೆಟ್ಟಿಲಿನಲ್ಲಿ ಗ್ರಾಹಕಗಳು ಕೋಶದೊಳಕ್ಕೆ ಸರಿದು ಕಿವುಡಾಗುವ ಸಂಭವವೂ ಇದೆ.

ಕೊಡುವ ಕಾಲವನ್ನೂ ಬೇರೆ ಬೇರೆ ಮಾಡಿ ನೋಡಬೇಕು. ಪ್ಲೇಟ್ ತುಂಬುವ ಮೊದಲು ಕೊಟ್ಟರೆ ಪೂರ್ವಕೋಶಗಳ ಸಂಖ್ಯೆಯ ಪ್ರಶ್ನೆ, ಮಿಶ್ರಣದ ಮೂರು ದಿನಗಳಲ್ಲಿ ಕೊಟ್ಟರೆ ರೂಪಾಂತರದ ಪ್ರಶ್ನೆ, ಆರನೆಯ ದಿನದ ನಂತರ ಕೊಟ್ಟರೆ ಆಗಲೇ ಹುಟ್ಟಿದ ಕೋಶ ಎಷ್ಟು ಕೊಬ್ಬು ತುಂಬಿಸಿಕೊಳ್ಳುತ್ತದೆಂಬ ಪ್ರಶ್ನೆ. ಮೊದಲಿನಿಂದ ಕೊನೆಯವರೆಗೂ ಕೊಟ್ಟರೆ ಈ ಮೂರೂ ಕಲಸಿಹೋಗಿ, ಒಂದರ ಏರಿಕೆ ಇನ್ನೊಂದರ ಇಳಿಕೆಯಿಂದ ಮುಚ್ಚಿಹೋಗಬಹುದು.

ಬಣ್ಣ ಹೇಳುವ ಸುಳ್ಳು

ಆಯಿಲ್ ರೆಡ್ ಓ ಬಗ್ಗೆ ಹೆಚ್ಚು ಹೇಳುವುದಿಲ್ಲ. ಐಸೊಪ್ರೊಪನಾಲಿನ ದಾಸ್ತಾನು ದ್ರಾವಣ ಮೂರು ಪಾಲು, ನೀರು ಎರಡು ಪಾಲು ಬೆರೆಸಿ, ಸ್ವಲ್ಪ ಹೊತ್ತು ನಿಲ್ಲಿಸಿ, ಸೋಸಿ, ಅಂದೇ ಬಳಸಬೇಕು. ನಿನ್ನೆಯದು ಹರಳುಗಟ್ಟಿ ಕೋಶದ ಮೇಲೆ ಕೂತು ಕೊಬ್ಬಿನಂತೆ ನಟಿಸುತ್ತದೆ. ಕೋಶಗಳನ್ನು ಫಾರ್ಮಲಿನ್‌ನಿಂದಲೇ ಸ್ಥಿರಗೊಳಿಸಬೇಕು, ಮೆಥನಾಲ್ ಕೊಬ್ಬನ್ನೇ ಕರಗಿಸಿಕೊಂಡು ಹೋಗುತ್ತದೆ. ಹೆಚ್ಚು ಮುಖ್ಯವಾದದ್ದು ಬೇರೆ: ಬಣ್ಣವನ್ನು ಕರಗಿಸಿ 510 ನ್ಯಾನೋಮೀಟರಿನಲ್ಲಿ ಓದಿದ ಅಂಕಿ ವೆಲ್‌ನ ಒಟ್ಟು ಕೊಬ್ಬನ್ನು ಹೇಳುತ್ತದೆಯೇ ಹೊರತು, ಕೋಶಗಳು ಹೆಚ್ಚಿದವೋ ಇದ್ದ ಕೋಶಗಳು ದಪ್ಪವಾದವೋ ಎಂಬುದನ್ನು ಹೇಳುವುದಿಲ್ಲ. ಹಾಗಾಗಿ ಅದೇ ವೆಲ್‌ನ ಡಿಎನ್‌ಎ ಅಳೆದು ಭಾಗಿಸಬೇಕು, ಜೊತೆಗೆ ಕೊಬ್ಬಿನ ಕೋಶದ ಗುರುತುಗಳಾದ ಪಿಪಿಎಆರ್-ಗ್ಯಾಮಾ, ಎಫ್‌ಎಬಿಪಿ4, ಅಡಿಪೊನೆಕ್ಟಿನ್ ಜೀನ್‌ಗಳ ಆರ್‌ಎನ್‌ಎಯನ್ನು ನೋಡಬೇಕು. ಹೋಲಿಕೆಗೆ ಸ್ಥಿರವೆಂದು ನಂಬಲಾಗುವ ಜಿಎಪಿಡಿಎಚ್ ಜೀನ್ ಒಂದನ್ನೇ ನೆಚ್ಚಿಕೊಂಡರೆ, ರೂಪಾಂತರದ ನಡುವೆ ಅದೂ ಬದಲಾಗುವುದರಿಂದ, ಅಳತೆಗೋಲೇ ಹಿಗ್ಗಿದಂತಾಗುತ್ತದೆ.

ಎಲ್ಲ ಸರಿಪಡಿಸಿದ ಮೇಲೂ ಫಲಿತಾಂಶ ತಿರುಗಾಮುರುಗಾ ಬಂದರೆ

ಈಗ ಬರುವುದು ದೋಷವೇ ಅಲ್ಲದಿರಬಹುದು. ಘ್ರೆಲಿನ್ ಪೂರ್ವಕೋಶಗಳನ್ನು ಕೊಬ್ಬಿನ ಕೋಶಗಳಾಗಲು ತಳ್ಳುತ್ತದೆಂದು ಕೆಲವು ಪ್ರಯೋಗಾಲಯಗಳೂ, ತಡೆಯುತ್ತದೆಂದು ಇನ್ನು ಕೆಲವೂ ಪ್ರಕಟಿಸಿವೆ. ಎರಡೂ ಕಡೆಯವರು ಪ್ರಾಮಾಣಿಕರೆಂದೇ ನನ್ನ ನಂಬಿಕೆ. ಕೋಶದ ಮೂಲ, ಮಿಶ್ರಣದ ಬಲ, ಕೊಟ್ಟ ಕಾಲ ಮತ್ತು ಬಾಲದ ಸ್ಥಿತಿ ಈ ನಾಲ್ಕರಲ್ಲಿ ಯಾವುದೊಂದು ಬದಲಾದರೂ ಉತ್ತರ ತಿರುಗಬಲ್ಲದು.

ಮೊದಲು ಗ್ರಾಹಕ ಇದೆಯೇ ಎಂದು ನೋಡಬೇಕು. ಕೊಬ್ಬಿನ ಕೋಶಗಳಲ್ಲಿ ಜಿಎಚ್‌ಎಸ್-ಆರ್1ಎ ಬಹಳ ಕಡಿಮೆ, ಕೆಲವರಿಗೆ ಸಿಗುವುದೇ ಇಲ್ಲ. ಪಿಸಿಆರ್‌ನಲ್ಲಿ ಗೆರೆ ಕಂಡಿತೆಂದು ಸಂತೋಷಪಡುವ ಮೊದಲು ಒಂದು ಬಲೆಯನ್ನು ಅರಿತಿರಬೇಕು. ಇದೇ ಜೀನ್‌ನಿಂದ 1ಬಿ ಎಂಬ ಮೊಟಕು ರೂಪವೂ ಬರುತ್ತದೆ. ಅದರ ಸಂದೇಶ, ಸಾಮಾನ್ಯವಾಗಿ ಕತ್ತರಿಸಿ ತೆಗೆಯಲಾಗುವ ಇಂಟ್ರಾನ್‌ನ ಭಾಗವನ್ನು ಉಳಿಸಿಕೊಂಡಿರುವುದರಿಂದ, ಆರ್‌ಎನ್‌ಎಯಲ್ಲಿ ಕಲಬೆರಕೆಯಾದ ಕೋಶದ ಡಿಎನ್‌ಎ ಕೂಡ 1ಬಿಯ ವೇಷ ತೊಟ್ಟು ಗೆರೆ ಮೂಡಿಸುತ್ತದೆ. ಪಿಸಿಆರ್‌ನ ಪ್ರೈಮರ್‌ಗಳು ಎರಡು ಎಕ್ಸಾನ್‌ಗಳನ್ನು (ಸಂದೇಶದಲ್ಲಿ ಉಳಿಯುವ ಭಾಗಗಳನ್ನು) ದಾಟಿ ಕೂರುವಂತಿರಬೇಕು, ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ನಕಲಿಸುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ಒಂದು ಕೊಳವೆ ಕಡ್ಡಾಯ. ಈ ಗ್ರಾಹಕ ಹಾರ್ಮೋನಿಲ್ಲದೆಯೂ ತನ್ನ ಗರಿಷ್ಠ ಚಟುವಟಿಕೆಯ ಸುಮಾರು ಅರ್ಧದಷ್ಟನ್ನು ತೋರಿಸಬಲ್ಲದು ಎಂಬುದೂ ನೆನಪಿರಲಿ. ಅಂಥಲ್ಲಿ ಘ್ರೆಲಿನ್ ಹಾಕಿದ್ದಕ್ಕಿಂತ ಗ್ರಾಹಕವನ್ನು ಸುಮ್ಮನಾಗಿಸಿದ್ದರ ಪರಿಣಾಮ ಹೆಚ್ಚು ಸ್ಪಷ್ಟವಾಗಿ ಕಾಣಬಹುದು. ಅದಕ್ಕೆ 2018ರಲ್ಲಿ ಘ್ರೆಲಿನ್‌ನ ಸಹಜ ಎದುರಾಳಿಯೆಂದು ಗುರುತಿಸಲಾದ ಲೀಪ್2 ಎಂಬ ಪೆಪ್ಟೈಡ್ ಇದೆ.

ಆಮೇಲೆ, ಹಿಂದೆ ಎಸೆಯದೆ ಇಡಿ ಎಂದ ಬಾಲವಿಲ್ಲದ ವಯಲ್ ಹೊರಗೆ ಬರಬೇಕು. ಬಾಲವಿರುವುದು, ಬಾಲವಿಲ್ಲದ್ದು, ಬಾಲವಿರುವುದರ ಜೊತೆಗೆ ಲೀಪ್2, ಯಾವುದೂ ಇಲ್ಲದ್ದು ಎಂಬ ನಾಲ್ಕನ್ನೂ ಒಂದೇ ಪ್ಲೇಟಿನಲ್ಲಿ ನಡೆಸಬೇಕು. ಬಾಲವಿರುವುದು ಮಾತ್ರ ಪರಿಣಾಮ ತೋರಿ ಲೀಪ್2 ಅದನ್ನು ಅಳಿಸಿದರೆ, ಹಾದಿ ಪರಿಚಿತ ಗ್ರಾಹಕದ್ದು. ಎರಡೂ ಒಂದೇ ಪರಿಣಾಮ ತೋರಿ ಲೀಪ್2ಗೆ ಅಳಿಸಲಾಗದಿದ್ದರೆ, 2004ರ ಮೂಳೆಮಜ್ಜೆಯ ಪ್ರಯೋಗದಲ್ಲಿ ಕಂಡಂತೆ, ಕೊಬ್ಬಿನ ಕೋಶಕ್ಕೆ ಘ್ರೆಲಿನ್ ತಲುಪುವುದು ಬೇರೆ ಬಾಗಿಲಿನಿಂದ. ಎರಡನೆಯ ಸಂದರ್ಭದಲ್ಲಿ ಬಾಲ ಕಳಚಿದ್ದೇ ‘ಪರಿಣಾಮವಿಲ್ಲ’ ಎಂಬುದಕ್ಕೆ ಕಾರಣವೆಂದು ಹೇಳಲಾಗದು. ಆಗ ದೋಷವನ್ನು ಮಿಶ್ರಣದ ಬಲದಲ್ಲಿಯೇ ಮತ್ತೆ ಹುಡುಕಬೇಕು. ನಾನು ಬಾಲದ ಮೇಲೆ ಇಷ್ಟು ಭಾರ ಹಾಕಿ ಬರೆದವನಾದರೂ, ಇಲ್ಲಿ ಅದನ್ನು ತುಸು ಹಿಂದಕ್ಕೆ ತೆಗೆದುಕೊಳ್ಳಲೇಬೇಕು.

ಘ್ರೆಲಿನ್ ಬದಲು ಮೆದುಳಿನ ಹಸಿವಿನ ಸಂದೇಶವಾಹಕವಾದ ನ್ಯೂರೋಪೆಪ್ಟೈಡ್ ವೈ ಬಳಸುವವರಿಗೆ ಎಸ್ಟರಿನ ಕಾಟವಿಲ್ಲ, ಆದರೆ ಸೀರಮ್‌ನ ಕಾಟ ತಪ್ಪಿದ್ದಲ್ಲ. 36 ಅಮೈನೋ ಆಮ್ಲಗಳ ಇದರ ತಲೆಯಿಂದ ಎರಡನ್ನು ಡಿಪಿಪಿ-4 ಎಂಬ ಕಿಣ್ವ ಕತ್ತರಿಸಿದರೆ, ಉಳಿದ ತುಂಡು ವೈ1 ಗ್ರಾಹಕವನ್ನು ಬಿಟ್ಟು ವೈ2 ಮತ್ತು ವೈ5ರ ಕಡೆಗೆ ವಾಲುತ್ತದೆ. ಒತ್ತಡಕ್ಕೊಳಗಾದ ಇಲಿಗಳಲ್ಲಿ ಕೊಬ್ಬಿನ ಅಂಗಾಂಶ ಬೆಳೆದದ್ದು ವೈ2 ಮೂಲಕವೆಂದು 2007ರಲ್ಲಿ ತೋರಿಸಲಾಗಿದೆ. ಹಾಗಾಗಿ ವೈ1ರ ಬಗ್ಗೆ ಕೇಳಿದ ಪ್ರಶ್ನೆಗೆ ಸೀರಮ್ ಸದ್ದಿಲ್ಲದೆ ವೈ2ರ ಉತ್ತರ ಕೊಟ್ಟಿರಬಹುದು. ಡಿಪಿಪಿ-4 ತಡೆಯುವ ಸಿಟಾಗ್ಲಿಪ್ಟಿನ್ ಹಾಕಿದ ವೆಲ್ ಒಂದನ್ನು ಜೊತೆಗಿಟ್ಟರೆ ಗೊಂದಲ ಬಿಡಿಸಬಹುದು.

ಸ್ವಯಂಸೇವಕರ ರಕ್ತವನ್ನು ಕೋಶಗಳಿಗೆ ಹಾಕುವವರಿಗೆ

ಉಪವಾಸದ ರಕ್ತದ ಸೀರಮ್ ಹಾಕಿ ಕೋಶಗಳ ಪ್ರತಿಕ್ರಿಯೆ ನೋಡುವ ಯೋಜನೆಗಳಲ್ಲಿ ದೋಷ ಸಿರಿಂಜಿನಲ್ಲೇ ಶುರುವಾಗುತ್ತದೆ. ಘ್ರೆಲಿನ್ ಊಟಕ್ಕೆ ಮೊದಲು ಏರಿ ಊಟದ ನಂತರ ಇಳಿಯುತ್ತದೆ. ಊಟ ಬಿಟ್ಟ ದಿನವೂ ರೂಢಿಯ ಊಟದ ಹೊತ್ತಿಗೆ ಏರಿ ತಾನಾಗಿಯೇ ಇಳಿಯುತ್ತದೆ. ಉಡುಪಿಯಲ್ಲಿ ಏಕಾದಶಿಯ ಉಪವಾಸ ಮಾಡುವ ಇಬ್ಬರಲ್ಲಿ ಒಬ್ಬರಿಗೆ ಹನ್ನೊಂದಕ್ಕೆ ಗಂಜಿ ಉಣ್ಣುವ ರೂಢಿ, ಇನ್ನೊಬ್ಬರಿಗೆ ಒಂದೂವರೆಗೆ ಊಟ ಎಂದಿದ್ದರೆ, ಇಬ್ಬರ ರಕ್ತವನ್ನೂ ಹನ್ನೊಂದಕ್ಕೆ ತೆಗೆದು ಹೋಲಿಸುವುದು ಸರಿಯಲ್ಲ. ಸ್ಥೂಲಕಾಯರಲ್ಲಿ ಉಪವಾಸದ ಘ್ರೆಲಿನ್ ತೆಳ್ಳಗಿನವರಿಗಿಂತ ಕಡಿಮೆಯಿರುವುದೂ ಗುಂಪು ಮಾಡುವಾಗ ಗಮನದಲ್ಲಿರಬೇಕು. ಅಳತೆಗೆಂದು ತೆಗೆದ ಪಾಲು ಇಡಿಟಿಎ ಕೊಳವೆಯಲ್ಲಿ ಮಂಜುಗಡ್ಡೆಯ ಮೇಲೆ ಇದ್ದು, ಪ್ಲಾಸ್ಮಾ ಬೇರ್ಪಡಿಸಿದ ಕೂಡಲೇ ಆಮ್ಲೀಯವಾಗಬೇಕು. ಉಡುಪಿಯಲ್ಲಿ ರಕ್ತ ತೆಗೆದು ಹೆದ್ದಾರಿ 66ರಲ್ಲಿ ಮಂಗಳೂರಿಗೆ ತಂದ ಮೇಲೆ ಆಮ್ಲ ಹಾಕಿದರೆ, ಆ ಐವತ್ತು ಚಿಲ್ಲರೆ ಕಿಲೋಮೀಟರುಗಳ ಉದ್ದಕ್ಕೂ ಎಸ್ಟರೇಸ್ ತನ್ನ ಕೆಲಸ ಮಾಡುತ್ತಲೇ ಬಂದಿರುತ್ತದೆ. ಕೋಶಗಳಿಗೆ ಹಾಕುವ ಪಾಲಿಗೆ ಆಮ್ಲ ಹಾಕುವಂತಿಲ್ಲ. ಅದನ್ನು ಬೇರೆ ಕೊಳವೆಯಲ್ಲಿ ತೆಗೆದು, ಉಡುಪಿಯಲ್ಲಿಯೇ ಬೇರ್ಪಡಿಸಿ ಒಣ ಮಂಜಿನಲ್ಲಿ ಹೆಪ್ಪುಗಟ್ಟಿಸಿ ತರಬೇಕು, ಮತ್ತು ಯಾವ ಗಂಟೆಗೆ ತೆಗೆದದ್ದು, ಯಾವ ಗಂಟೆಗೆ ಹೆಪ್ಪುಗಟ್ಟಿದ್ದು ಎಂಬ ಎರಡನ್ನೂ ಕೊಳವೆಯ ಮೇಲೆಯೇ ಬರೆಯಬೇಕು.